ಹಿತ್ತಲ ಗಿಡ ಮದ್ದೇ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಜನ ಕೈಗೆಟುಕುವ ಸೊಪ್ಪನ್ನು ಅಲಕ್ಷಿಸಿ, ದೂರದ ಊರಿನ ವೈದ್ಯ ಕೊಟ್ಟ ಪುಡಿಗೆ ಬೆಲೆ ಕೊಡುತ್ತಿದ್ದರೆಂದು ತೋರುತ್ತದೆ. ಹತ್ತಿರದ ವಸ್ತುವಿನ ಬಗೆಗೆ ನಮಗಿರುವ ತಾತ್ಸಾರವನ್ನು ಹಂಗಿಸುವುದಕ್ಕಾಗಿ ಹಿರಿಯರು ಆ ಮಾತನ್ನು ಆಡಿದರು. ಈಗ ಗಾಳಿ ತಿರುಗಿದೆ. ಗಿಡದಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಅದು ಮದ್ದೆಂದು ನಂಬುವವರೂ, ಮದ್ದಾಗದಿದ್ದರೂ ಕೇಡನ್ನಂತೂ ಮಾಡದೆಂದು ನಂಬುವವರೂ ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅಂದಿನ ತಾತ್ಸಾರಕ್ಕೂ ಇಂದಿನ ಭಕ್ತಿಗೂ ಒಂದು ವಿಷಯದಲ್ಲಿ ಸಾಮ್ಯವಿದೆ. ಗಿಡವನ್ನು ಪರೀಕ್ಷಿಸಿ ನೋಡುವ ಶ್ರಮ ಎರಡರಲ್ಲಿಯೂ ಇಲ್ಲ.

ಸ್ವಂತ ದೇಹದ ಮಾತಾದರೆ ಇದರಲ್ಲಿ ನೀತಿಯ ಪ್ರಶ್ನೆ ಅಷ್ಟಾಗಿ ಏಳಲಾರದು. ನನ್ನ ಮಂಡಿನೋವಿಗೆ ನಾನು ಎಕ್ಕದ ಎಲೆ ಬಿಸಿಮಾಡಿ ಕಟ್ಟಿಕೊಂಡರೆ ಲಾಭವೂ ನನ್ನದು, ನಷ್ಟವೂ ನನ್ನದು. ಕುಡಿಯುವವನು ಎಂಟು ವರ್ಷದ ಹುಡುಗನಾಗಿ, ಕುಡಿಸುವವರು ನಾವಾದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಆಸೆ ನಮ್ಮದು, ಒಡಲು ಅವನದು. ಬೇಡವೆನ್ನುವ ಅಧಿಕಾರ ಅವನಿಗಿಲ್ಲ. ಬೇಡವೆಂದರೂ ಅದನ್ನು ನಾವು ಹಟವೆಂದು ಕರೆಯುತ್ತೇವೆ. ಇಂತಹ ಸಂದರ್ಭದಲ್ಲಿ ಮದ್ದನ್ನು ತೂಗಿ ನೋಡುವುದು ಕೇವಲ ಜಾಣತನದ ಕೆಲಸವೇ, ಇಲ್ಲವೆ ಅದೊಂದು ಕರ್ತವ್ಯವೇ? ಈ ಪ್ರಶ್ನೆಯನ್ನು ಓದುಗರ ಮುಂದಿಡಬೇಕೆಂದು ನನ್ನ ಇಚ್ಛೆ.

ನಾನು ಹೇಳಹೊರಟಿರುವುದು ಒಂದು ಬಗೆಯ ಮಕ್ಕಳ ವಿಷಯ. ಇವರು ದಡ್ಡರಲ್ಲ, ಎಷ್ಟೋ ವೇಳೆ ತುಂಬ ಚುರುಕು. ಆದರೆ ಕುಳಿತಲ್ಲಿ ಕೂಡಲಾರರು, ತೊಡಗಿದ್ದನ್ನು ಮುಗಿಸಲಾರರು, ಮಾತಿನಲ್ಲಿ ತಮ್ಮ ಸರದಿ ಬರುವ ತನಕ ಕಾಯಲಾರರು. ವೈದ್ಯರು ಇದಕ್ಕೆ ಎ.ಡಿ.ಎಚ್.ಡಿ. ಎಂಬ ನಾಲ್ಕಕ್ಷರದ ಹೆಸರಿಟ್ಟಿದ್ದಾರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದು ನಾವು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇದೆಯೆಂದು ಎಣಿಸಿದ್ದಾರೆ. ಓಡಾಡಿ ಗದ್ದಲ ಮಾಡುವ ಹುಡುಗ ಬೇಗ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಗೆ ಅದೇ ತೊಂದರೆಯಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಇಂತಹ ಮಕ್ಕಳನ್ನು ಕುರಿತು ಮೂರು ಉಪನ್ಯಾಸಗಳನ್ನು ಕೊಟ್ಟ. ಬುದ್ಧಿಯಲ್ಲಿ ಏನೂ ಕೊರತೆಯಿಲ್ಲದ ಮಕ್ಕಳಲ್ಲಿಯೂ ಇದನ್ನು ಕಂಡೆನೆಂದು ಅವನು ಹೇಳಿದ. ಆದರೆ ಅವನು ಅದಕ್ಕೆ ಕೊಟ್ಟ ಹೆಸರು ‘ನೈತಿಕ ಹತೋಟಿಯ ದೋಷ’ ಎಂದು. ಹೀಗೆ ಈ ಕಾಯಿಲೆ ವೈದ್ಯಶಾಸ್ತ್ರದ ಹೊಸ್ತಿಲನ್ನು ದಾಟುವಾಗಲೇ ನೀತಿಯ ಕಳಂಕವೊಂದನ್ನು ಹೊತ್ತು ಬಂದಿತು. ಇದು ಮೆದುಳಿನ ಬೆಳವಣಿಗೆಗೆ ಸೇರಿದ ಸಂಗತಿ, ವಂಶದಿಂದ ಬರುವ ಅಂಶ ಇದರಲ್ಲಿ ಬಹಳ ದೊಡ್ಡದು ಎಂದು ಈಗ ತಿಳಿದಿದೆ. ಕಳಂಕ ಮಾತ್ರ ಇನ್ನೂ ತೊಳೆದುಹೋಗಿಲ್ಲ.

ಸವದತ್ತಿಗೆ ಹತ್ತಿರದ ಹೂಲಿಯಲ್ಲಿ ನಮ್ಮ ಸಂಬಂಧಿಕರ ಮನೆಯೊಂದಿದೆ. ಶಾಸನಗಳಲ್ಲಿ ಪುಲಿ ಎಂದು ಬರುವ ಊರು ಅದು. ಪಂಚಲಿಂಗೇಶ್ವರನ ಗುಡಿಯಲ್ಲದೆ ಹಾಳುಬಿದ್ದ ಗುಡಿಗಳು ಇನ್ನೂ ಎಷ್ಟೋ ಅಲ್ಲಿವೆ. ಆ ಮನೆಯ ಹುಡುಗ ಹತ್ತಿ ಇಳಿಯದ ಕಟ್ಟೆಯಿಲ್ಲ, ತೂರಿ ಬಾರದ ಕಿಂಡಿಯಿಲ್ಲ. ಅಜ್ಜಿಗೆ ಅವನು ‘ಮಂಗ್ಯಾ’, ಶಾಲೆಯಲ್ಲಿ ‘ಉಡಾಳ’. ಎರಡು ವರ್ಷದಲ್ಲಿ ಅವನಿಗೆ ಆಗಿರುವ ಉಪಚಾರಗಳನ್ನು ಅವನ ತಾಯಿ ನನಗೆ ಎಣಿಸಿ ಹೇಳಿದಳು. ಎಲ್ಲಮ್ಮನ ಗುಡ್ಡದ ಭಂಡಾರ ಹಣೆಗೆ ಬಿತ್ತು. ಬಜೆಯ ಬೇರು ತೇಯ್ದು ಜೇನಿನಲ್ಲಿ ನೆಕ್ಕಿಸಿದರು. ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನದ ಹನಿ ಹಾಕಿಸಿದರು. ಹುಬ್ಬಳ್ಳಿಯ ಅಂಗಡಿಯಿಂದ ಬ್ರಾಹ್ಮಿಯ ಬಾಟಲಿ ಬಂತು. ಯಾರೋ ಹೇಳಿದರೆಂದು ತಂದ ಗುಳಿಗೆ ಮೀನಿನ ಎಣ್ಣೆಯದೆಂದು ತಿಳಿದ ಕೂಡಲೆ ಅಜ್ಜಿ ಅದನ್ನು ಅಂಗಳಕ್ಕೆ ಎಸೆದಳು. ಅದರ ಬದಲು ದಿನವೂ ರೊಟ್ಟಿಯ ಜೊತೆ ಅಗಸಿ ಚಟ್ನಿ ಹೆಚ್ಚಾಯಿತು. ಎಲ್ಲ ಹೇಳಿ ಮುಗಿಸಿ ಆಕೆ ಕೇಳಿದಳು: “ಎಲ್ಲಾ ಗಿಡಮೂಲಿಕೀನ ಐತ್ರೀ ಕಾಕಾರ. ಆದರ ಆತು, ಆಗಲಿಲ್ಲಂದರ ಹಾನಿ ಏನೈತ್ರಿ?”

ಪ್ರಶ್ನೆ ನ್ಯಾಯವಾದದ್ದೆ. ‘ಹಾನಿ ಏನು?’ ಎಂಬ ಈ ಮಾತಿನ ಮೇಲೆಯೆ ನಮ್ಮ ಪಟ್ಟಣಗಳ ಎಷ್ಟೋ ಸುಶಿಕ್ಷಿತ ಮನೆಗಳ ಔಷಧದ ಕಪಾಟುಗಳೂ ನಿಂತಿವೆ. ಆದ್ದರಿಂದ ಉತ್ತರವನ್ನು ಸಾವಧಾನವಾಗಿ ಹುಡುಕಬೇಕು. ಭಂಡಾರದ ಮಾತನ್ನು ಮೊದಲೆ ಬದಿಗಿಡುತ್ತೇನೆ. ಅದು ಪ್ರಾರ್ಥನೆ, ಕಂಗೆಟ್ಟ ತಾಯಿಗೆ ಅದೊಂದು ಊರುಗೋಲು. ಹೊಟ್ಟೆಯೊಳಗೆ ಹೋಗುವ, ಇಂತಿಂಥ ಗುಣ ಕೊಡುತ್ತೇನೆಂದು ಹೇಳಿಕೊಳ್ಳುವ ವಸ್ತುಗಳನ್ನಷ್ಟೆ ತಕ್ಕಡಿಗೆ ಹಾಕೋಣ.

ಮೊದಲನೆಯದಾಗಿ, ಗಿಡ ನಮ್ಮ ಹಿತಕ್ಕಾಗಿ ಬೆಳೆದದ್ದಲ್ಲ. ದತ್ತೂರಿಯೂ ಗುಲಗಂಜಿಯೂ ಗಿಡಮೂಲಿಕೆಗಳೇ ಅಲ್ಲವೆ? ಮಾತು ಬೇಗ ಬರಲೆಂದು, ಬುದ್ಧಿ ಚುರುಕಾಗಲೆಂದು ನಾವು ತಲೆಮಾರುಗಳಿಂದ ಮಕ್ಕಳಿಗೆ ನೆಕ್ಕಿಸುತ್ತ ಬಂದಿರುವ ಬಜೆಯಲ್ಲಿ ಬೀಟಾ-ಆಸರೋನ್ ಎಂಬ ಅಂಶವಿದೆ. ಇಲಿಗಳಿಗೆ ತಿನ್ನಿಸಿದಾಗ ಗೆಡ್ಡೆಗಳೆದ್ದುದನ್ನು ಕಂಡು ಅಮೆರಿಕದ ಸರಕಾರ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬೆರೆಸಕೂಡದೆಂದು ನಿಷೇಧಿಸಿತು. ಒಂದು ಸಲ ತೇಯ್ದು ನೆಕ್ಕಿಸಿದರೆ ಮಗುವಿಗೆ ಕೇಡಾಗುತ್ತದೆಂದು ಇದರ ಅರ್ಥವಲ್ಲ. ‘ಎಷ್ಟು, ಎಷ್ಟು ದಿನ’ ಎಂದು ಕೇಳದೆ ಕೊಡಬಹುದಾದ ವಸ್ತು ಅದಲ್ಲವೆಂದಷ್ಟೆ ಅರ್ಥ.

ಬಾಟಲಿಯಲ್ಲಿ ಗಿಡವೊಂದೇ ಇದೆಯೆಂಬ ಭರವಸೆಯಾದರೂ ಏನು? 2004ರಲ್ಲಿ ಅಮೆರಿಕದ ವೈದ್ಯರು ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ 70 ಆಯುರ್ವೇದ ಔಷಧಗಳನ್ನು ಕೊಂಡು ಪರೀಕ್ಷಿಸಿದರು. ಅವುಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೆ ಶಂಖಪಾಷಾಣ ದೊರೆಯಿತು. ಉಳಿದ 56 ಚೊಕ್ಕಟವಾಗಿಯೆ ಇದ್ದವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಹೊರಗಿನಿಂದ ನೋಡುವ ತಾಯಿಗೆ ಯಾವ ಬಾಟಲಿ ಯಾವ ಗುಂಪಿನದೆಂದು ತಿಳಿಯುವ ದಾರಿಯಿಲ್ಲ. ಇದರಲ್ಲಿ ಕ್ರೂರವಾದ ವಿಪರ್ಯಾಸವೊಂದಿದೆ. ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯ 1979ರಲ್ಲಿ ಶಾಲೆಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ ಅವುಗಳಲ್ಲಿನ ಸೀಸವನ್ನು ಅಳೆದ. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳೇ ತರಗತಿಯಲ್ಲಿ ಮನಸ್ಸು ನಿಲ್ಲಿಸಲಾರದವರೆಂದು ಉಪಾಧ್ಯಾಯರು ಹೇಳಿದ್ದರು. ಗಮನ ನಿಲ್ಲಲೆಂದು ಕುಡಿಸಿದ್ದು ಗಮನವನ್ನೇ ತಿನ್ನುವುದಾದರೆ!

ಎರಡನೆಯದು ಕಾಲದ ಹಾನಿ. ಈ ವರ್ಷ ಬ್ರಾಹ್ಮಿ, ಮುಂದಿನ ವರ್ಷ ಇನ್ನೊಂದು ಎಂದು ನಾವು ಕಾಯಬಹುದು. ಮಗ್ಗಿ ಕಲಿಯುವ ವಯಸ್ಸು, ಗೆಳೆಯರನ್ನು ಗಳಿಸುವ ವಯಸ್ಸು ನಮಗಾಗಿ ಕಾಯುವುದಿಲ್ಲ.

ಮೂರನೆಯ ಹಾನಿಯನ್ನು ನನಗೆ ತೋರಿಸಿಕೊಟ್ಟವನು ಆ ಹುಡುಗನೆ. ಅಷ್ಟೆಲ್ಲ ಮದ್ದು ಕೊಟ್ಟವರು ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಬಾಟಲಿಯ ಔಷಧ ಹೇಗಿದೆಯಪ್ಪಾ ಎಂದು ನಾನು ಕೇಳಿದೆ. “ಕಹಿ ಐತಿ” ಎಂದ. ಆಮೇಲೆ ತುಸು ತಡೆದು, “ಅದನ್ನ ಕುಡದ್ರ ನಾ ಚಲೋ ಆಗ್ತೀನಂತ. ಹಂಗಾದ್ರ ಈಗ ನಾ ಚಲೋ ಇಲ್ಲೇನ್ರಿ ಮುತ್ಯಾ?” ಎಂದ. ನಾವು ಕೊಡುವ ಪ್ರತಿಯೊಂದು ಚಮಚದ ಜೊತೆಗೆ ಮಗುವಿಗೆ ಒಂದು ತೀರ್ಪನ್ನೂ ಕೊಡುತ್ತೇವೆ. ಮದ್ದು ಫಲಿಸಿದರೆ ಆ ತೀರ್ಪು ಮರೆತುಹೋಗಬಹುದು. ಫಲಿಸದಿದ್ದಾಗ, ಒಂದರ ಹಿಂದೆ ಒಂದು ಫಲಿಸದೆ ಹೋದಾಗ, ಸೋತವನು ತಾನೇ ಎಂದು ಮಗು ತಿಳಿಯುತ್ತದೆ. ಯಾವ ಪ್ರಯೋಗಶಾಲೆಯೂ ಅಳೆಯದ ವಿಷ ಇದು.

“ಅದೆಲ್ಲ ಸರಿ. ಆದರೆ ಕೊಟ್ಟ ಮೇಲೆ ಮಗು ಸುಧಾರಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ” ಎನ್ನುವವರುಂಟು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಪ್ರೀತಿಯ ಕಣ್ಣು ಒಳ್ಳೆಯ ಸಾಕ್ಷಿಯಲ್ಲ. 1994ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರು ಐದರಿಂದ ಏಳು ವರ್ಷದ 35 ಹುಡುಗರನ್ನೂ ಅವರ ತಾಯಂದಿರನ್ನೂ ಕರೆಸಿದರು. ಸಕ್ಕರೆ ತಿಂದರೆ ತಮ್ಮ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆಂಬುದು ಆ ತಾಯಂದಿರ ದೃಢವಾದ ನಂಬಿಕೆ. ಹುಡುಗರಿಗೆಲ್ಲ ಕೊಟ್ಟದ್ದು ಸಕ್ಕರೆಯಿಲ್ಲದ ಸಿಹಿಪಾನಕ. ಆದರೆ ಅರ್ಧ ಮಂದಿ ತಾಯಂದಿರಿಗೆ ‘ನಿಮ್ಮ ಮಗನಿಗೆ ಬೇಕಾದಷ್ಟು ಸಕ್ಕರೆ ಕೊಟ್ಟಿದ್ದೇವೆ’ ಎಂದು ಹೇಳಿದರು. ಆ ತಾಯಂದಿರು ತಮ್ಮ ಮಕ್ಕಳ ಚೇಷ್ಟೆ ಮಿತಿಮೀರಿತೆಂದು ಬರೆದುಕೊಟ್ಟರು. ಅಷ್ಟೇ ಅಲ್ಲ, ಮಕ್ಕಳ ಬೆನ್ನು ಬಿಡದೆ ನಿಂತು ತಪ್ಪು ಹಿಡಿದರು. ಸಕ್ಕರೆ ಇದ್ದದ್ದು ತಾಯಂದಿರ ಮನಸ್ಸಿನಲ್ಲಿ ಮಾತ್ರ. ಕೇಡನ್ನು ಹೀಗೆ ಕಾಣಬಲ್ಲ ಕಣ್ಣು ಗುಣವನ್ನು ಕಾಣಲಾರದೆ?

ಇನ್ನೂ ಒಂದು ಕಾರಣವಿದೆ. ಇಂತಹ ಮಕ್ಕಳಿಗೆ ಒಳ್ಳೆಯ ವಾರಗಳೂ ಕೆಟ್ಟ ವಾರಗಳೂ ಇರುತ್ತವೆ. ನಾವು ಮದ್ದು ಹುಡುಕಿಕೊಂಡು ಹೊರಡುವುದು ತೀರ ಕೆಟ್ಟ ವಾರದಲ್ಲಿ. ಅದರ ಮುಂದಿನ ವಾರ ಹೇಗೂ ತುಸು ಹಗುರವಾಗುವುದು ಸಹಜ. ಆದರೆ ಆ ಕೀರ್ತಿ ಬಾಟಲಿಗೆ ಹೋಗುತ್ತದೆ. ಆದ್ದರಿಂದಲೆ ಪರೀಕ್ಷಕರು ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದನ್ನೂ ಇನ್ನೊಂದಕ್ಕೆ ಅದೇ ಬಣ್ಣ ಅದೇ ರುಚಿಯ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದೆಂದು ತಾಯಿಗೂ ವೈದ್ಯನಿಗೂ ಕಡೆಯ ತನಕ ತಿಳಿಯದಂತೆ ಏರ್ಪಡಿಸುತ್ತಾರೆ. ಇದು ಅಪನಂಬಿಕೆಯ ಕುಚೇಷ್ಟೆಯೇನಲ್ಲ. ನಮ್ಮ ಹಳೆಯ ಶಾಸನಗಳನ್ನೇ ನೋಡಿ: ದೇವರಿಗೆ ಭೂಮಿ ಬಿಟ್ಟಾಗಲೂ ಇಷ್ಟು ಮತ್ತರು, ಇಂತಹ ಕಡೆಯಲ್ಲಿ ಎಂದು ಕಲ್ಲಿನಲ್ಲಿ ಕೆತ್ತಿಸಿದರು. ದಾನ ಕೊಟ್ಟವನ ಭಕ್ತಿಯನ್ನು ಸಂಶಯಿಸಿ ಹಾಗೆ ಮಾಡಿದರೆ? ಬೆಲೆಯುಳ್ಳ ವಸ್ತುವಿಗೆ ಅಳತೆ ಬೇಕೆಂದು ಮಾಡಿದರು.

ಈ ಅಳತೆಗೆ ಗಿಡಮದ್ದುಗಳು ನಿಂತಾಗ ಏನಾಯಿತು? ಬ್ರಾಹ್ಮಿಯ ಮಾತನ್ನು ಎತ್ತಿಕೊಂಡರೆ ಹೆಸರಿನಲ್ಲಿಯೆ ತೊಡಕು. ಕರಾವಳಿ, ಮಲೆನಾಡಿನವರು ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿ ಎಂಬ ಬೇರೆಯೇ ಸಸ್ಯವನ್ನೂ ಬ್ರಾಹ್ಮಿ ಎನ್ನುತ್ತಾರೆ. ಎರಡೂ ನೀರಿನ ಪಸೆಯಲ್ಲಿ ಹಬ್ಬುವಂಥವು. ಹೂಲಿಯ ಜೋಳದ ಹೊಲದ ಬದುವಿನಲ್ಲಿ ಸಿಗುವಂಥವಲ್ಲ. ಹೀಗೆ ನಮ್ಮ ‘ಹಿತ್ತಲ ಗಿಡ’ ಯಾರ ಹಿತ್ತಲಿನದೋ ಆಗಿ, ಕಾರಖಾನೆಯನ್ನು ಹೊಕ್ಕು, ಬಣ್ಣದ ಚೀಟಿ ಅಂಟಿಸಿಕೊಂಡು ನಮ್ಮಲ್ಲಿಗೆ ಬರುತ್ತದೆ. ಇರಲಿ. ನೀರುಬ್ರಾಹ್ಮಿಯ ಸಾರವನ್ನು ಆಸ್ಟ್ರೇಲಿಯದಲ್ಲಿ 6ರಿಂದ 14 ವರ್ಷದ ಹುಡುಗರಿಗೆ 14 ವಾರ ಕೊಟ್ಟು ಮೇಲೆ ಹೇಳಿದ ಕ್ರಮದಲ್ಲಿಯೆ ಪರೀಕ್ಷಿಸಿದ್ದು 2022ರಲ್ಲಿ ಪ್ರಕಟವಾಯಿತು. ಚಂಚಲತೆಯಲ್ಲಿ, ಗಮನದ ಕೊರತೆಯಲ್ಲಿ ಹುಸಿಮದ್ದಿಗಿಂತ ಅದು ಮೇಲೆನಿಸಲಿಲ್ಲ. ಬುದ್ಧಿಯ ಕೆಲವು ಪರೀಕ್ಷೆಗಳಲ್ಲಿಯೂ ನಿದ್ರೆಯಲ್ಲಿಯೂ ಸ್ವಲ್ಪ ಅನುಕೂಲ ಕಂಡಿತು. ಪೂರ್ತಿ ಸುಳ್ಳೆನ್ನುವಂತಿಲ್ಲ, ಬಾಟಲಿಯ ಮೇಲೆ ಬರೆದಷ್ಟು ನಿಜವೂ ಅಲ್ಲ.

ಮೀನೆಣ್ಣೆಯ ಒಮೆಗಾ-3 ಕೊಬ್ಬಿನ ಬಗೆಗೆ ಕಾಕ್ರೇನ್ ಸಂಸ್ಥೆಯವರು 37 ಪ್ರಯೋಗಗಳನ್ನು ಕೂಡಿಸಿ 2023ರಲ್ಲಿ ಪರಿಶೀಲಿಸಿದರು. ತಂದೆತಾಯಿಗಳು ಕಂಡಂತೆ ಮಕ್ಕಳ ಗಮನದಲ್ಲಿಯಾಗಲಿ ಚಂಚಲತೆಯಲ್ಲಿಯಾಗಲಿ ಅದರಿಂದ ವ್ಯತ್ಯಾಸ ತೋರಲಿಲ್ಲ. ಪಶ್ಚಿಮದವರ ಮೆಚ್ಚಿನ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು 54 ಮಕ್ಕಳಿಗೆ ಎಂಟು ವಾರ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶವೂ ಶೂನ್ಯವೆ. ತಿಂಡಿಗೆ ಹಾಕುವ ಕೃತಕ ಬಣ್ಣಗಳ ವಿಷಯದಲ್ಲಿ ಮಾತ್ರ ಹಳೆಯ ಸಂದೇಹ ಕೊಂಚ ನಿಜವಾಯಿತು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಕೆಲವು ಬಣ್ಣಗಳ ಮಿಶ್ರಣ ಸಾಮಾನ್ಯ ಮಕ್ಕಳ ಚಟುವಟಿಕೆಯನ್ನೂ ತುಸು ಏರಿಸಿತು. 2010ರಿಂದ ಯುರೋಪಿನಲ್ಲಿ ಅಂತಹ ತಿನಿಸುಗಳ ಮೇಲೆ ಎಚ್ಚರಿಕೆಯ ಮಾತು ಅಚ್ಚಾಗುತ್ತದೆ.

ನಮ್ಮ ಬೇರುಗಳನ್ನು ಪರದೇಶದ ತಕ್ಕಡಿಯಲ್ಲಿ ತೂಗಬಾರದು ಎನ್ನುವವರಿಗೆ ಸರ್ಪಗಂಧಿಯ ಕಥೆಯನ್ನು ನೆನಪಿಸಬೇಕು. ಬುದ್ಧಿಭ್ರಮಣೆಗೆ ನಮ್ಮ ವೈದ್ಯರು ಬಹುಕಾಲದಿಂದ ಕೊಡುತ್ತಿದ್ದ ಈ ಬೇರಿನ ಗುಣವನ್ನು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಬೋಸ್ ಲೇಖನವಾಗಿ ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ವಕೀಲರು ರಕ್ತದೊತ್ತಡಕ್ಕೆ ಅದು ಮದ್ದೆಂದು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ತೋರಿಸಿಕೊಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಲೋಕವೆಲ್ಲ ಅದನ್ನು ಬಳಸಿತು. ಪ್ರಮಾಣ ಹೆಚ್ಚಾದ ಕೆಲವರಲ್ಲಿ ಗಾಢವಾದ ಖಿನ್ನತೆ ಉಂಟಾಗುತ್ತದೆಂಬುದೂ ಆಗಲೇ ಹೊರಬಿತ್ತು. ಅಳೆದದ್ದರಿಂದ ಬೇರಿಗೆ ಅವಮಾನವಾಗಲಿಲ್ಲ. ಅದರ ಗುಣಕ್ಕೂ ದೋಷಕ್ಕೂ ಬೆಲೆ ಬಂತು. ಅರಿಯದ ಔಷಧವನ್ನು ಚರಕನೆ ವಿಷದ ಸಾಲಿನಲ್ಲಿ ನಿಲ್ಲಿಸಿರುವಾಗ, ಪರೀಕ್ಷೆಯನ್ನು ಪರಕೀಯವೆನ್ನಲು ನಮಗೆ ಬಾಯಿಲ್ಲ.

ಹಾಗೆಂದು ಡಾಕ್ಟರರ ಗುಳಿಗೆಗೆ ಈ ತಕ್ಕಡಿಯಿಂದ ವಿನಾಯಿತಿ ಕೊಡಲಾಗದು. ಇಂತಹ ಮಕ್ಕಳಿಗೆ ಹೆಚ್ಚಾಗಿ ಬರೆದುಕೊಡುವ ಮೀಥೈಲ್‌ಫೆನಿಡೇಟನ್ನು 1944ರಲ್ಲಿ ತಯಾರಿಸಿದ್ದೂ ಅದೇ ಸೀಬಾ ಕಂಪನಿ. ಅದನ್ನು ಬಹಳ ಸಲ ಅಳೆದಿದ್ದಾರೆ; ಅನೇಕ ಮಕ್ಕಳಲ್ಲಿ ಅದರ ಗುಣ ಸ್ಪಷ್ಟವಾಗಿ ಕಾಣುತ್ತದೆ. ಹಸಿವೆ ಕುಂದುವುದು, ನಿದ್ದೆ ಕೆಡುವುದು, ಬೆಳವಣಿಗೆ ತುಸು ಹಿಂದೆ ಬೀಳುವುದು ಇವೂ ಲೆಕ್ಕದಲ್ಲಿ ಬರೆದಿವೆ. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಚ್ಚರದಿಂದ ಪ್ರಮಾಣವನ್ನು ಹೊಂದಿಸಿ ಕೊಟ್ಟ ಔಷಧವೇ ಮೇಲಾಯಿತು. ಮೂರು ವರ್ಷದ ಹೊತ್ತಿಗೆ ನೋಡಿದಾಗ ಗುಂಪುಗಳ ನಡುವಿನ ಆ ಅಂತರ ಉಳಿದಿರಲಿಲ್ಲ. ಅದನ್ನೂ ಅವರೆ ಮುಚ್ಚಿಡದೆ ಪ್ರಕಟಿಸಿದರು. ನಾನು ಗೌರವಿಸುವುದು ಈ ಪ್ರಾಮಾಣಿಕತೆಯನ್ನು. ಇನ್ನು ತರಗತಿ ಸದ್ದಿಲ್ಲದೆ ಇರಲೆಂದೋ, ಮನೆಗೆ ಬಂದ ನೆಂಟರ ಮುಂದೆ ಮಾನ ಉಳಿಯಲೆಂದೋ ಗುಳಿಗೆ ನುಂಗಿಸುವವರು, ಬ್ರಾಹ್ಮಿ ಕುಡಿಸುವವರಿಗಿಂತ ನೀತಿಯಲ್ಲಿ ಮೇಲಲ್ಲ. ಯಾರ ಹಿತಕ್ಕಾಗಿ ಎಂಬ ಪ್ರಶ್ನೆ ಎಲೆಗೂ ಗುಳಿಗೆಗೂ ಒಂದೇ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಮೊದಲು, ಇದು ನಿಜವಾಗಿ ಅದೇ ತೊಂದರೆಯೋ ಎಂದು ತಿಳಿಯಬೇಕು. ಕಿವಿ ಮಂದವಾಗಿರುವ, ಕಣ್ಣು ಕಾಣದ, ರಾತ್ರಿ ನಿದ್ದೆಯಿಲ್ಲದ ಮಗುವೂ ತರಗತಿಯಲ್ಲಿ ಮನಸ್ಸಿಡಲಾರದು. ರಕ್ತಹೀನತೆಯಂತೂ ನಮ್ಮಲ್ಲಿ ಮನೆಮಾತು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಂದಿಗೆ ಅದು ಇತ್ತು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದ ಮಗುವಿಗೆ ಬೇಕಾದದ್ದು ಬುದ್ಧಿವರ್ಧಕವಲ್ಲ, ಕಬ್ಬಿಣ. ಹೂಲಿಯಂತಹ ಊರಿನವರಿಗೆ ಧಾರವಾಡದ ಡಿಮ್ಹಾನ್ಸ್ ದೂರವೇನಲ್ಲ. ಅಲ್ಲಿಗೆ ಹೋಗುವುದೆಂದರೆ ಹುಚ್ಚಿನ ಪಟ್ಟ ಎಂಬ ಅಂಜಿಕೆಯೆ ದೂರ.

ಅನಂತರವೂ ಯಾವುದಾದರೂ ಮನೆಮದ್ದನ್ನು ಕೊಡುವ ಮನಸ್ಸಿದ್ದರೆ, ಮಗುವಿನ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ ಕೊಡಲಿ. ಒಂದು ಸಲಕ್ಕೆ ಒಂದೇ ಕೊಡಲಿ. ಕೊಡುವ ಮುಂಚಿನ ಎರಡು ವಾರ ಮಗು ಹೇಗಿತ್ತೆಂದು ಒಂದು ವಹಿಯಲ್ಲಿ ಬರೆದಿಡಲಿ. ಮದ್ದಿನ ಸಂಗತಿ ತಿಳಿಯದ ಉಪಾಧ್ಯಾಯರನ್ನು ‘ಈಗ ಹೇಗಿದ್ದಾನೆ?’ ಎಂದು ಕೇಳಲಿ. ಇಂತಹ ದಿನದೊಳಗೆ ಗುಣ ಕಾಣದಿದ್ದರೆ ನಿಲ್ಲಿಸುತ್ತೇನೆಂದು ಮೊದಲೇ ತಾರೀಖು ಗೊತ್ತುಮಾಡಲಿ. ಮೆದುಳಿನ ಬೇನೆಯನ್ನು ಗುಣಪಡಿಸುವೆನೆಂದು ಸಾರುವ ಜಾಹೀರಾತಿಗೆ 1954ರ ಕಾಯಿದೆಯೆ ಅಡ್ಡಿಯಾಗಿದೆ ಎಂಬುದು ನೆನಪಿರಲಿ. ಪತ್ರಿಕೆಯಲ್ಲಿ ಬಂದರೂ ಫೋನಿನಲ್ಲಿ ಬಂದರೂ ಅಂತಹ ಮಾತು ಸಂಶಯಕ್ಕೆ ಅರ್ಹ. ಆಟಕ್ಕೆ ಬಯಲು, ರಾತ್ರಿಗೆ ನಿದ್ದೆ, ಒಂದು ಹೊತ್ತಿಗೆ ಒಂದೇ ಚಿಕ್ಕ ಕೆಲಸ, ಮುಗಿಸಿದಾಗ ಒಂದು ಶಭಾಷ್‌ಗಿರಿ: ಇವುಗಳಿಗೆ ಯಾವ ಚೀಟಿಯೂ ಬೇಡ.

ಎಲ್ಲಕ್ಕಿಂತ ಕಷ್ಟವಾದದ್ದು, ಗೊತ್ತುಮಾಡಿದ ತಾರೀಖು ಬಂದಾಗ ಬಾಟಲಿಯನ್ನು ಕೆಳಗಿಡುವುದು. ಇನ್ನೊಂದು ವಾರ, ಇನ್ನೊಂದು ಬಾಟಲಿ ಎಂದು ಮನಸ್ಸು ಎಳೆಯುತ್ತದೆ; ತಂದೆತಾಯಿಗಳಿಗೆ ಆಸೆಯನ್ನು ಬಿಡುವುದಕ್ಕಿಂತ ಹಣವನ್ನು ಬಿಡುವುದು ಸುಲಭ. ಆ ದಿನ ಮಗುವನ್ನು ಹತ್ತಿರ ಕೂಡಿಸಿಕೊಂಡು, ‘ಈ ಮದ್ದು ಕೆಲಸ ಮಾಡಲಿಲ್ಲ, ಸೋತದ್ದು ಅದು, ನೀನಲ್ಲ’ ಎಂದು ಅದರ ಕಿವಿಗೆ ಬೀಳುವಂತೆ ಹೇಳಬೇಕು. ಇಷ್ಟನ್ನು ಹೇಳುವ ಧೈರ್ಯವಿದ್ದವರು ಮಾತ್ರ ಮಗುವಿನ ಮೇಲೆ ಮದ್ದನ್ನು ಪರೀಕ್ಷಿಸುವ ಅಧಿಕಾರವುಳ್ಳವರೆಂದು ನಾನು ತಿಳಿದಿದ್ದೇನೆ.